ಭರ್ತಿ ಮಣ್ಣಿನ ಮೇಲೆ ಬುನಾದಿ: ಹೊಣೆ ಯಾರದು?

ಬಳ್ಳಾರಿ ನಾಲಾ ಹರಿಯುವ ಶಹಾಪುರ, ವಡಗಾವಿ, ಯಳ್ಳೂರು ಭಾಗದ ಎರೆ ಹೊಲಗಳು ಮಳೆಗಾಲದಲ್ಲಿ ಜಲಾವೃತವಾಗುವುದು ಬೆಳಗಾವಿಗೆ ಹೊಸ ಸಂಗತಿಯಲ್ಲ. 2019ರ ಆಗಸ್ಟ್‌ನಲ್ಲಿ ಆ ನೀರು ನಗರದ ಬಡಾವಣೆಗಳಿಗೂ ನುಗ್ಗಿತ್ತು. ಇಂತಹ ತಗ್ಗಿನ ನೆಲಕ್ಕೆ ಕೆಡವಿದ ಮನೆಗಳ ಅವಶೇಷ ಹಾಗೂ ಗರಸು ಸುರಿದು, ಮೇಲ್ಮೈ ಸಮ ಮಾಡಿ, ನಿವೇಶನವೆಂದು ಮಾರುವುದು ಎಂದೂ ನಿರುಪದ್ರವಿ ವ್ಯವಹಾರವಲ್ಲ. ಹೆಂಚು, ಇಟ್ಟಿಗೆ, ಮಡಕೆಗಳಿಗೆ ಹೆಸರಾದ ಖಾನಾಪುರದಲ್ಲಿ ಜೇಡಿ ತೆಗೆದ ಗುಂಡಿಗಳನ್ನು ಮುಚ್ಚಿ ಮನೆ ಕಟ್ಟುವವರ ಮುಂದೆಯೂ ಇದೇ ಅಪಾಯವಿದೆ.

ಹೀಗೆ ಸುರಿದ ಭರ್ತಿ ಮಣ್ಣು ತನ್ನ ಭಾರಕ್ಕೇ ವರ್ಷಗಟ್ಟಲೆ ಕುಸಿಯುತ್ತದೆ, ಅದೂ ಎಲ್ಲೆಡೆ ಸಮನಾಗಿ ಅಲ್ಲ. ಮೊದಲ ದೊಡ್ಡ ಮಳೆಯ ನೀರು ಇಂಗಿದಾಗ ಸಡಿಲ ಪದರ ಹಠಾತ್ತನೆ ತಗ್ಗುತ್ತದೆ. ಅಡಿಯಲ್ಲಿ ಎರೆಮಣ್ಣಿದ್ದರೆ ಅದು ಹಸಿಯಾದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕಿಗೆ ಗಿಲಾವು ಬಳಿದು ಬಣ್ಣ ಹಚ್ಚಬಹುದು, ಕೆಳಗಿನ ಚಲನೆ ನಿಲ್ಲದು. ಪಾಯದ ಗುಂಡಿಯ ಗೋಡೆಯಲ್ಲಿ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಕೊಳೆತ ಬೇರು ಕಂಡ ಮೇಲೂ ಅಲ್ಲಿಯೇ ಕಾಂಕ್ರೀಟ್ ಸುರಿಯುವುದನ್ನು ಅಜ್ಞಾನವೆನ್ನಲಾಗದು.

ಭರ್ತಿ ಮಣ್ಣೆಲ್ಲ ತ್ಯಾಜ್ಯವೆಂದು ನಾವು ಹೇಳುತ್ತಿಲ್ಲ. ಆಯ್ದ ಮಣ್ಣನ್ನು 20ರಿಂದ 30 ಸೆಂಟಿಮೀಟರ್ ಪದರಗಳಲ್ಲಿ, ತಕ್ಕ ತೇವದಲ್ಲಿ ರೋಲರ್‌ನಿಂದ ಒತ್ತಿ, ಪದರಪದರದ ಪರೀಕ್ಷೆಯ ದಾಖಲೆ ಇಟ್ಟಿದ್ದರೆ ಅದು ಭಾರ ಹೊರಬಲ್ಲದು. ದಾಖಲೆ ಇಲ್ಲದಲ್ಲಿ ಕೊರೆದು ನೋಡದೆ ನಂಬುವಂತಿಲ್ಲ. 60 ಸೆಂಟಿಮೀಟರ್ ಫಲಕದ ಭಾರ ಪರೀಕ್ಷೆ ಸುಮಾರು 1.2 ಮೀಟರ್ ಆಳದವರೆಗಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. 3 ಮೀಟರ್ ಭರ್ತಿಯ ಮೇಲೆ ಆ ಒಂದೇ ವರದಿ ನಂಬಿ ಸಹಿ ಹಾಕುವ ಎಂಜಿನಿಯರ್ ತನ್ನ ವೃತ್ತಿಧರ್ಮಕ್ಕೆ ಎರವಾಗುತ್ತಾನೆ. ಪಾಯವನ್ನು ಮೂಲ ಗಟ್ಟಿ ನೆಲಕ್ಕಿಳಿಸುವುದು, ಸಡಿಲ ಮಣ್ಣು ತೆಗೆದು ಮತ್ತೆ ಒತ್ತಿ ತುಂಬುವುದು, ಎರೆನೆಲಕ್ಕೆಂದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್-ರೀಮ್ಡ್ ಪೈಲ್ (ಬುಡದಲ್ಲಿ ಉಬ್ಬಿದ ಕಾಂಕ್ರೀಟ್ ಕಂಬ): ದಾರಿಗಳಿವೆ, ಯಾವುದೂ ರಹಸ್ಯವಲ್ಲ. ಮಣ್ಣಿನ ಅನ್ವೇಷಣೆಯ ಕ್ರಮವನ್ನು ಭಾರತೀಯ ಮಾನಕ 1892 ಹೇಳುತ್ತದೆ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯವೇ ಬೆಳಗಾವಿಯಲ್ಲಿದೆ. ಕೊರತೆ ಇರುವುದು ಜ್ಞಾನದ್ದಲ್ಲ.

ಜೀವಮಾನದ ಉಳಿತಾಯ ಸುರಿದು ಮನೆ ಕಟ್ಟುವ ಕುಟುಂಬಕ್ಕೆ ತನ್ನ ನಿವೇಶನದ ಅಡಿ ಏನಿದೆಯೆಂದು ತಿಳಿಯುವ ಹಕ್ಕಿದೆ. ಅದನ್ನು ಮುಚ್ಚಿಟ್ಟು ಮಾರಿದವನು, ಕೇಳದೆ ನಕ್ಷೆ ಬರೆದವನು, ನೋಡದೆ ಪರವಾನಗಿ ಕೊಟ್ಟವನು ಮುಂದಿನ ಬಿರುಕಿಗೆ ಸಮಾನ ಹೊಣೆಗಾರರು. ಮಹಾನಗರ ಪಾಲಿಕೆ, ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ (ಬುಡಾ) ಹಾಗೂ ಖಾನಾಪುರ ಪಟ್ಟಣ ಪಂಚಾಯಿತಿ ತಮ್ಮ ವ್ಯಾಪ್ತಿಯ ಭರ್ತಿ ನೆಲಗಳನ್ನು ಗುರುತಿಸಿ ನಕ್ಷೆಯಲ್ಲಿ ಪ್ರಕಟಿಸಬೇಕು. ಅಲ್ಲಿ ಕೊಳವೆ ಕೊರೆದ ಮಣ್ಣಿನ ವರದಿಯಿಲ್ಲದೆ ಒಂದೂ ಕಟ್ಟಡ ನಕ್ಷೆಗೆ ಮುದ್ರೆ ಬೀಳಕೂಡದು.