ಎಚ್‌ಎಎಲ್ ಸೀತಾಂಗೋಳಿಗೆ ಬಂತು, ನಮ್ಮ ಮಕ್ಕಳು ಬೆಂಗಳೂರಿಗೆ ಹೋದರು

ಮೊನ್ನೆ ಸೀತಾಂಗೋಳಿ ಪೇಟೆಯಲ್ಲಿ ಚಾ ಕುಡೀತಾ ಕೂತಿದ್ದೆ. ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗನೊಬ್ಬ ಹತ್ತಿರ ಬಂದು ಕೇಳಿದ: "ಅಣ್ಣಾ, ಕ್ಯಾಂಪಸ್‌ನಲ್ಲಿ ದೊಡ್ಡ ಕಂಪೆನಿಗೆ ಸೆಲೆಕ್ಟ್ ಆಗಿದೆ. ಹೋಗುದಾ, ಬೇಡ್ವಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಬೆಂಚಿನವರು ಉತ್ತರ ಕೊಟ್ಟಾಗಿತ್ತು. ಒಬ್ಬರು, "ಕೇಳುದು ಎಂತ ಮಾರಾಯ, ಹೋಗು, ಲೈಫ್ ಸೆಟ್ಲ್." ಇನ್ನೊಬ್ಬರು, "ಅದು ಏಸಿಯಲ್ಲಿ ಕೂತು ಮಾಡುವ ಕೂಲಿ. ನಾಲ್ಕು ಅಡಿಕೆ ಮರ ನೋಡಿಕೊಂಡು ಮರ್ಯಾದೆಯಲ್ಲಿ ಇರು." ಇಬ್ಬರೂ ಬೊಬ್ಬೆ ಹಾಕಿದರು. ಹುಡುಗ ಬಂದದ್ದಕ್ಕಿಂತ ಹೆಚ್ಚು ಗೊಂದಲದಲ್ಲಿ ಬಸ್ಸು ಹತ್ತಿದ.

ಆ ಹುಡುಗನಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೀತಿದ್ದೇನೆ. ನಾನೂ ಬೆಂಗಳೂರಿನ ಒಂದು ದೊಡ್ಡ ಕಂಪೆನಿಯಲ್ಲಿ ಕೆಲವು ವರ್ಷ ದುಡಿದವನು. ಹೆಸರು ಬೇಡ. ಅಲ್ಲಿ ತಿಂದ ಅನ್ನವನ್ನೂ ಮರೆತಿಲ್ಲ, ಪಟ್ಟ ಪಾಡನ್ನೂ ಮರೆತಿಲ್ಲ.

ಮೊದಲು "ಕೂಲಿ" ಅಂತ ಹೀಯಾಳಿಸುವವರಿಗೆ.

ಮಾವ, ನಿಮ್ಮ ತೋಟದಲ್ಲಿ ಅಡಿಕೆ ಉಂಟು, ಸರಿ. ಮಳೆಗಾಲದಲ್ಲಿ ಕೊಳೆರೋಗ, ಮೇಲಿಂದ ಎಲೆಚುಕ್ಕಿ ರೋಗ, ಮದ್ದು ಬಿಡಲು ಮರ ಹತ್ತುವವರು ಸಿಗುವುದಿಲ್ಲ. ಎರಡು ಎಕ್ರೆ ತೋಟ ಮೂರು ಮಕ್ಕಳಿಗೆ ಪಾಲಾದರೆ ಎಷ್ಟು ಸಿಕ್ತದೆ, ಲೆಕ್ಕ ಹಾಕಿ. ತೋಟವೇ ಇಲ್ಲದ ಮನೆಗಳ ಮಕ್ಕಳಿಗೆ ನಿಮ್ಮ ಉಪದೇಶ ಎಂತಕ್ಕೆ?

ದೊಡ್ಡ ಕಂಪೆನಿಯಲ್ಲಿ ಒಳ್ಳೆಯದು ಉಂಟು, ಒಪ್ಪಿಕೊಳ್ಳೋಣ. ಸಂಬಳ ಒಂದನೇ ತಾರೀಕಿನ ಆಚೆ ಈಚೆ ಬ್ಯಾಂಕಿಗೆ ಬೀಳ್ತದೆ. ಪಿಎಫ್ ಉಂಟು, ಆಸ್ಪತ್ರೆಯ ವಿಮೆ ಉಂಟು. ಆಸ್ಪತ್ರೆಯ ಹೆಸರು ಕೇಳಿದರೆ ಮಂಗಳೂರಿನ ಬಿಲ್ಲು ನೆನಪಾಗುವ ನಮ್ಮ ಊರಿನವರಿಗೆ ಇದು ಸಣ್ಣ ವಿಷಯ ಅಲ್ಲ. ಇನ್ಫೋಸಿಸ್‌ನಂಥವರು ಮೈಸೂರಿನ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ತರಬೇತಿ ಕೊಡ್ತಾರೆ, ಅದೂ ಸಂಬಳ ಕೊಟ್ಟು. ಹತ್ತು ದೇಶದವರೊಟ್ಟಿಗೆ ಕೆಲಸ ಮಾಡುವ ಧೈರ್ಯ ಬರ್ತದೆ. ಮುಂದೆ ಬೇರೆ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಹೆಸರು ಬಾಗಿಲು ತೆರೆಸ್ತದೆ. ನಮ್ಮ ಎಷ್ಟೋ ತಂಗಿಯರಿಗೆ ಮನೆಯಿಂದ ಹೊರಗೆ ಕಾಲಿಡಲು ಅಪ್ಪ ಅಮ್ಮ ಒಪ್ಪಿದ್ದೇ "ದೊಡ್ಡ ಕಂಪೆನಿ" ಎಂಬ ಒಂದು ಮಾತಿಗೆ.

ಇನ್ನು "ಲೈಫ್ ಸೆಟ್ಲ್" ಅನ್ನುವವರಿಗೆ.

ಆಫರ್ ಲೆಟರಿನಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಅಂತ ಇರ್ತದೆ. ನಮ್ಮ ದೊಡ್ಡ ಐಟಿ ಸರ್ವಿಸ್ ಕಂಪೆನಿಗಳಲ್ಲಿ ಹೊಸಬರಿಗೆ ಕೊಡುವ ಮೊತ್ತ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹೆಚ್ಚುಕಡಿಮೆ ಅದರ ಸುತ್ತಲೇ ತಿರುಗ್ತಾ ಉಂಟು. ಅಕ್ಕಿಯ ಬೆಲೆ ಹಾಗೆ ನಿಂತಿದೆಯಾ? ಆ ಮೂರೂವರೆ ಲಕ್ಷದಲ್ಲಿ ಕಂಪೆನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, "ವೇರಿಯೆಬಲ್" ಎಂಬ ಸಿಕ್ಕಿದರೆ ಸಿಕ್ಕಿತು ಅನ್ನುವ ದುಡ್ಡು ಎಲ್ಲ ಸೇರಿರ್ತದೆ. ಕೈಗೆ ಬರುವುದು ತಿಂಗಳಿಗೆ ಇಪ್ಪತ್ತೈದು ಸಾವಿರದ ಹತ್ತಿರ. ಅದರಲ್ಲಿ ಬೆಂಗಳೂರಿನ ಪಿಜಿ, ಊಟ, ಬಸ್ಸು, ಊರಿಗೆ ಬಂದು ಹೋಗುವ ಖರ್ಚು ಕಳೆಯಿರಿ. ಉಳಿದದ್ದರಲ್ಲಿ ಎಜುಕೇಶನ್ ಲೋನು. ಸೆಟ್ಲ್ ಆದದ್ದು ಯಾರು?

ಬಿಡುವುದೂ ಸುಲಭ ಇಲ್ಲ. ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿದರೆ ಮೂರು ತಿಂಗಳ ನೋಟಿಸ್. ಅವರಿಗೆ ನೀನು ಬೇಡವಾದರೆ ಮಾತ್ರ ಅಷ್ಟು ದಿನ ಕಾಯುವುದಿಲ್ಲ. 2022ರ ನವೆಂಬರಿನಲ್ಲಿ ಮೆಟಾ 11,000 ಜನರನ್ನು ಕಳಿಸಿತು. 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಅಂತ ಘೋಷಿಸಿದವು. "ಅದು ಅಮೆರಿಕದ ಕಥೆ, ನಮ್ಮ ಕಂಪೆನಿಗಳು ಹಾಗಲ್ಲ" ಅಂತ ಸಮಾಧಾನ ಮಾಡಿಕೊಂಡೆವು. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇಕಡಾ 2ರಷ್ಟು, ಅಂದರೆ 12,000ಕ್ಕಿಂತ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಆ ಸಮಾಧಾನವೂ ಹೋಯಿತು.

ನನಗೆ ಒಮ್ಮೆ ನಾಲ್ಕು ತಿಂಗಳು ಪ್ರಾಜೆಕ್ಟ್ ಇರಲಿಲ್ಲ. ಬೆಂಚ್ ಅಂತಾರೆ. ದಿನಾ ಹೋಗುವುದು, ಕಾರ್ಡ್ ತೋರಿಸುವುದು, ಕೂರುವುದು. ಸಂಬಳ ಬರ್ತಿತ್ತು, ನಿದ್ದೆ ಬರ್ತಿರಲಿಲ್ಲ. ಮನೆಯಲ್ಲಿ ಅಮ್ಮ ನೆರೆಮನೆಯವರೊಟ್ಟಿಗೆ "ಮಗ ದೊಡ್ಡ ಕಂಪೆನಿಯಲ್ಲಿ" ಅಂತ ಹೇಳ್ತಿದ್ದರು. ಆ ಮಾತು ಫೋನಿನಲ್ಲಿ ಕೇಳುವಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಸರಿ, ಬೆಂಗಳೂರು ದೂರ. ಹತ್ತಿರದ್ದನ್ನು ನೋಡೋಣ. ಕುಂಬಳೆ-ಬದಿಯಡ್ಕ ರಸ್ತೆಯಲ್ಲಿ ಬಂದರೆ ಸೀತಾಂಗೋಳಿಯಲ್ಲಿ ಕಿನ್‌ಫ್ರಾ ಪಾರ್ಕ್, ಅಲ್ಲೇ ಎಚ್‌ಎಎಲ್. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಕೈಜೋಡಿಸಿ ಬೆಂಗಳೂರಿನಲ್ಲಿ ಕಟ್ಟಿದ ಕಂಪೆನಿ ಅದು. ಇವತ್ತೂ ಮುಖ್ಯ ಕಚೇರಿ ಬೆಂಗಳೂರಿನಲ್ಲೇ. ಸೀತಾಂಗೋಳಿಯ ಸ್ಟ್ರಾಟಜಿಕ್ ಇಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯನ್ನು 2012ರಲ್ಲಿ ಆಗಿನ ರಕ್ಷಣಾ ಮಂತ್ರಿ ಎ.ಕೆ. ಆಂಟನಿ ಉದ್ಘಾಟಿಸಿದರು. ಯುದ್ಧ ವಿಮಾನಗಳ ಒಳಗೆ ಕೂರುವ ಕಂಪ್ಯೂಟರು ತಯಾರಿಸುವ ಜಾಗ ನಮ್ಮ ಗುಡ್ಡೆಯ ಮೇಲೆ ಉಂಟು! ಅವತ್ತು ಊರಿಡೀ ಕನಸು ಕಂಡಿತು.

ಇವತ್ತು ಆ ಗೇಟಿನ ಎದುರಿನಿಂದ ಹಾದುಹೋಗುವ ರಾತ್ರಿ ಬಸ್ಸಿನಲ್ಲಿ ನಮ್ಮ ಮಕ್ಕಳು ಬೆಂಗಳೂರಿಗೆ ಹೋಗ್ತಿದ್ದಾರೆ. ಇದಕ್ಕೆ ಬರೀ ಕಂಪೆನಿಯನ್ನು ಬೈದು ಏನೂ ಪ್ರಯೋಜನ ಇಲ್ಲ. ಅದು ಕೇಂದ್ರ ಸರಕಾರದ ಸಂಸ್ಥೆ, ಇಂಜಿನಿಯರ್ ಹುದ್ದೆಗೆ ಇಡೀ ದೇಶಕ್ಕೆ ಕರೆ ಹೊರಡಿಸ್ತದೆ. ಗೇಟಿನ ಎದುರು ಮನೆ ಉಂಟು ಅಂತ ಪರೀಕ್ಷೆಯಲ್ಲಿ ಮಾರ್ಕು ಸಿಗುವುದಿಲ್ಲ. ಆದರೆ ಕೇಳಿ, ನಮ್ಮ ಎಷ್ಟು ಕನ್ನಡ ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಈ ಪರೀಕ್ಷೆಗಳ ಹೆಸರನ್ನಾದರೂ ಹೇಳ್ತೇವೆ? ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್ ಆಗಿ ಸೇರುವ ದಾರಿ ಉಂಟು ಅಂತ ಹೇಳಿಕೊಟ್ಟವರು ಯಾರು? ಪ್ರತಿಭಟನೆಗೆ ಬ್ಯಾನರ್ ಕಟ್ಟುವ ನಾವು ಒಂದು ಮಾಹಿತಿ ಶಿಬಿರ ಕಟ್ಟಿದ್ದೇವಾ? ಈ ತಪ್ಪಿನಲ್ಲಿ ನನ್ನ ಪಾಲೂ ಉಂಟು.

ಇನ್ನೊಂದು ಪಾಠ ಬೆದ್ರಡ್ಕದಲ್ಲಿ ಉಂಟು. ಕೇರಳದ ಕೆಲ್ ಕಾರ್ಖಾನೆಗೆ ಭಾರತದ ದೈತ್ಯ ಕಂಪೆನಿ ಬಿಎಚ್‌ಇಎಲ್ ಶೇಕಡಾ 51 ಪಾಲು ಹಾಕಿ ಬಂದಾಗ, ಇನ್ನು ಹೆದರಿಕೆ ಇಲ್ಲ ಅಂತ ಎಲ್ಲರೂ ಅಂದುಕೊಂಡರು. 2020ರ ಮಾರ್ಚಿನಲ್ಲಿ ಗೇಟು ಮುಚ್ಚಿತು. ಕೆಲಸಗಾರರು ಸಂಬಳ ಇಲ್ಲದೆ ಹೋರಾಡಿದರು. ಕೊನೆಗೆ ಕೇರಳ ಸರಕಾರ ಆ ಪಾಲನ್ನು ವಹಿಸಿಕೊಂಡು 2022ರ ಎಪ್ರಿಲಿನಲ್ಲಿ ಕೆಲ್-ಇಎಂಎಲ್ ಅಂತ ಮತ್ತೆ ತೆರೆಯಿತು. ಹೆಸರು ದೊಡ್ಡದಾದ ಮಾತ್ರಕ್ಕೆ ಕೆಲಸ ಗಟ್ಟಿಯಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆ ಗೇಟನ್ನು ತೆರೆಸಿದ್ದು ಒಗ್ಗಟ್ಟಾಗಿ ನಿಂತ ಕೆಲಸಗಾರರು ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಈಗ ನಮ್ಮದೇ ಗಾಯಕ್ಕೆ ಬರ್ತೇನೆ.

ಬೆಂಗಳೂರಿನ ಆಫೀಸಿನಲ್ಲಿ ಮೊದಲ ದಿನ ಫಾರ್ಮ್ ತುಂಬಿಸುವಾಗ ರಾಜ್ಯ ಅಂತ ಇದ್ದಲ್ಲಿ ಕೇರಳ ಅಂತ ಬರೆದೆ. ಅವತ್ತಿನಿಂದ ಕನ್ನಡದವರಿಗೆ ನಾನು "ಮಲಯಾಳಿ". ಓಣಂಗೆ ಸೇರಿದ ಮಲಯಾಳಿ ಗೆಳೆಯರಿಗೆ ನನ್ನ ಮಲಯಾಳ ಕೇಳಿ ನಗು, ಅವರಿಗೆ ನಾನು "ಕನ್ನಡದವ". ಕನ್ನಡ ಶಾಲೆಯಲ್ಲಿ ಹತ್ತು ವರ್ಷ ಕಲಿತವನು ಬೆಂಗಳೂರಿನಲ್ಲಿ ತಾನು ಕನ್ನಡಿಗ ಅಂತ ಸಾಬೀತು ಮಾಡಬೇಕು. ಇದು ನನ್ನೊಬ್ಬನ ಕಥೆ ಅಲ್ಲ, ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಕಥೆ.

ತಮಾಷೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ 2024ರ ಜುಲೈಯಲ್ಲಿ ಏನಾಯಿತು? ಖಾಸಗಿ ಕಂಪೆನಿಗಳಲ್ಲಿ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಕೊಡಬೇಕೆಂಬ ಮಸೂದೆಗೆ ಕರ್ನಾಟಕದ ಮಂತ್ರಿಮಂಡಲ ಒಪ್ಪಿತು. ನಾಸ್ಕಾಮ್ ಮತ್ತು ಕಂಪೆನಿಯವರು ಗದ್ದಲ ಮಾಡಿದರು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ಟಿವಿಯಲ್ಲಿ ಚರ್ಚೆ ಎಲ್ಲ ಕಂಪೆನಿ ಓಡಿಹೋಗ್ತದಾ ಇಲ್ಲವಾ ಅನ್ನುವುದರ ಮೇಲೆ. "ಸ್ಥಳೀಯ" ಅಂದರೆ ಯಾರು ಅಂತ ಅದರಲ್ಲಿ ಬರೆದಿದ್ದದ್ದನ್ನು ಎಷ್ಟು ಜನ ಓದಿದರು? ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಅಲ್ಲಿ ವಾಸ ಇರಬೇಕು, ಕನ್ನಡ ಓದಲು ಬರೆಯಲು ಮಾತಾಡಲು ಬರಬೇಕು.

ಮೂರನೆಯದ್ದು ನಮ್ಮಲ್ಲಿ ಬೇಕಾದಷ್ಟು ಉಂಟು. ಮೊದಲನೆಯದ್ದೂ ಕೆಲವರಿಗೆ ಉಂಟು, ಯಾಕೆಂದರೆ ನಮ್ಮ ತಾಯಂದಿರಲ್ಲಿ ಎಷ್ಟೋ ಜನ ಹೆರಿಗೆಗೆ ಹೋಗುವುದು ಮಂಗಳೂರಿಗೆ! ಎರಡನೆಯದ್ದು ಎಲ್ಲಿಂದ ತರೋಣ? 1956ರ ನವೆಂಬರ್ 1ಕ್ಕೆ ನಾವು ಮನೆ ಬಿಟ್ಟು ಹೋಗಲಿಲ್ಲ, ಗಡಿಯೇ ನಮ್ಮನ್ನು ದಾಟಿಕೊಂಡು ಹೋಯಿತು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತು. ಸೀತಾಂಗೋಳಿ ಆ ಉತ್ತರ ಭಾಗದಲ್ಲೇ ಉಂಟು. ಆ ವರದಿ ನಮ್ಮದು ಅಂತ ಕರ್ನಾಟಕ ಇವತ್ತಿಗೂ ಹೇಳ್ತದೆ. ನೆಲ ನಿಮ್ಮದಾದರೆ ನೆಲದ ಮಕ್ಕಳು ಹೊರಗಿನವರು ಹೇಗೆ ಸ್ವಾಮೀ?

ಇದು ಅಸಾಧ್ಯದ ಬೇಡಿಕೆಯೂ ಅಲ್ಲ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸವಿದ್ದು ಕಲಿತ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳಿಗೆ ಗಡಿನಾಡು ಕನ್ನಡಿಗರು ಅಂತ ಅವಕಾಶ ಉಂಟು. ಸೀಟು ಕೊಡುವಾಗ ಕನ್ನಡಿಗ, ಕೆಲಸ ಕೊಡುವಾಗ ಪರದೇಶಿ. ಆ ಮಸೂದೆ ನಾಳೆ ಮತ್ತೆ ಬಂದರೆ, ಸಿಇಟಿಯಲ್ಲಿರುವ ಅದೇ ಮಾತನ್ನು ಅದರಲ್ಲೂ ಬರೆಯಬೇಕು. ಒಂದು ಸಾಲು ಸಾಕು. ನವೆಂಬರ್ ತಿಂಗಳಲ್ಲಿ ಇಲ್ಲಿಗೆ ಬಂದು ಶಾಲು ಹಾಕಿಸಿಕೊಂಡು ಹೋಗುವ ಮಂತ್ರಿಗಳಿಗೆ ನಾವು ಕೊಡಬೇಕಾದ ಮನವಿ ಇದು.

ಕೇರಳ ಸರಕಾರಕ್ಕೂ ಒಂದು ಮಾತು. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಮನುಷ್ಯರಿಗೆ ತಲಪಾಡಿಯಲ್ಲಿ ತಡೆ ಆಯಿತು, ಲ್ಯಾಪ್‌ಟಾಪಿನ ಕೆಲಸಕ್ಕೆ ಆಗಲಿಲ್ಲ. ನಮ್ಮ ಹುಡುಗರು ನೆಟ್‌ವರ್ಕ್ ಸಿಗುವ ಗುಡ್ಡೆ ಹುಡುಕಿ ಕೂತು ಬೆಂಗಳೂರಿನ ಕೆಲಸ ಮಾಡಿದರು. ಅಂದರೆ ಕೆಲಸ ಊರಿಗೆ ಬರಬಹುದು. 2023ರಲ್ಲಿ ಕೆ-ಫೋನ್ ಉದ್ಘಾಟನೆಯೂ ಆಗಿದೆ. ಕಿನ್‌ಫ್ರಾದ ಜಾಗ ಸೀತಾಂಗೋಳಿಯಲ್ಲೇ ಉಂಟು. ನಲುವತ್ತು ಮೇಜು, ಕರೆಂಟ್ ಹೋಗದ ವ್ಯವಸ್ಥೆ, ಒಳ್ಳೆಯ ಇಂಟರ್‌ನೆಟ್ ಇರುವ ಒಂದು ಹಾಲ್ ಕೊಡಿ. ತಿರುವನಂತಪುರದ ಟೆಕ್ನೋಪಾರ್ಕಿಗೆ ಹೋಗಲು ನಮಗೆ ಬೆಂಗಳೂರಿಗಿಂತ ದೂರ.

ಈಗ ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ.

ಹೋಗು. ಆದರೆ ಅದನ್ನು ಶಾಲೆ ಅಂತ ತಿಳಿದು ಹೋಗು, ಮನೆ ಅಂತ ತಿಳಿಯಬೇಡ. ಸಹಿ ಹಾಕುವ ಮೊದಲು ಬಾಂಡ್ ಉಂಟಾ, ನೋಟಿಸ್ ಎಷ್ಟು ದಿನ, ಕೈಗೆ ಎಷ್ಟು ಬರ್ತದೆ ಅಂತ ಓದು. ಮಾರ್ಕು ಕಾರ್ಡಿನ ಒರಿಜಿನಲ್ ಯಾರ ಕೈಯಲ್ಲೂ ಬಿಡಬೇಡ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇಡುವ ತನಕ ಬೈಕಿಗೆ ಇಎಂಐ ಹಾಕಬೇಡ. ಕೆಲಸ ಬಿಟ್ಟಾಗ ಪಿಎಫ್ ತೆಗೆದು ಮುಗಿಸಬೇಡ, ಮುಂದಿನ ಕಂಪೆನಿಗೆ ವರ್ಗಾಯಿಸು. ಸಂಜೆ ಒಂದು ಗಂಟೆ ನಿನ್ನ ಸ್ವಂತ ಕಲಿಕೆಗೆ ಇಡು, ಕಂಪೆನಿಯ ಪ್ರಾಜೆಕ್ಟು ನಿನಗೆ ಬೇಕಾದ್ದನ್ನೆಲ್ಲ ಕಲಿಸುವುದಿಲ್ಲ. ಎಚ್‌ಎಎಲ್‌ನಂಥ ಕಡೆ ಕರೆ ಬಂದರೆ ಅರ್ಜಿ ಹಾಕು, ನಿನ್ನ ಊರಿನ ಗೇಟು ಅದು.

ಫಾರ್ಮಿನಲ್ಲಿ ರಾಜ್ಯ ಕೇರಳ ಅಂತ ಬರೆ, ಅದು ಸತ್ಯ. ಮಾತೃಭಾಷೆ ಅಂತ ಇದ್ದಲ್ಲಿ ಕನ್ನಡವೋ ತುಳುವೋ, ಮನೆಯಲ್ಲಿ ಯಾವುದೋ ಅದನ್ನೇ ಬರೆ, ಅದೂ ಸತ್ಯ. ಯಾರಾದರೂ "ನೀನು ಮಲಯಾಳಿಯಲ್ವಾ?" ಅಂತ ನಕ್ಕರೆ ಜಗಳ ಮಾಡಬೇಡ, ಹಾಗಂತ ಸುಮ್ಮನೆಯೂ ಕೂರಬೇಡ. ಕಾಸರಗೋಡು ಎಲ್ಲಿ ಉಂಟು ಅಂತ ಐದು ನಿಮಿಷ ಹೇಳಿಕೊಡು.

ಮತ್ತೆ ಒಂದೇ ಒಂದು ಕೋರಿಕೆ. ಕಲಿತದ್ದನ್ನು ವರ್ಷಕ್ಕೆ ಎರಡು ದಿನವಾದರೂ ನೀನು ಕಲಿತ ಕನ್ನಡ ಶಾಲೆಗೆ ತಂದುಕೊಡು. ಯಾವ ಪರೀಕ್ಷೆ, ಯಾವ ಕೋರ್ಸು, ಎಷ್ಟು ಸಂಬಳ, ಯಾವುದರಲ್ಲಿ ಮೋಸ ಅಂತ ಮಕ್ಕಳಿಗೆ ಹೇಳು. ನಮಗೆ ಯಾರೂ ಹೇಳಿರಲಿಲ್ಲ. ನಿನ್ನ ನಂತರದವರು ಚಾ ಅಂಗಡಿಯ ಬೊಬ್ಬೆ ಕೇಳಿ ಬಸ್ಸು ಹತ್ತುವ ಹಾಗೆ ಆಗಬಾರದು.

ಅವತ್ತು ಕೇಳಿದ ಹುಡುಗ ಇದನ್ನು ಓದಿದರೆ ಒಂದು ಮೆಸೇಜ್ ಹಾಕು ತಮ್ಮಾ. ಆಫರ್ ಲೆಟರ್ ಒಟ್ಟಿಗೆ ಕೂತು ಓದೋಣ.