ಈಜುಕೊಳ ಅಲ್ಲ ಸ್ವಾಮಿ, ಇದು ಬೋನು!

ಬೆಳಿಗ್ಗೆ ಆರೂವರೆಗೆ ಎದ್ದು, ಚಹಾ ಕೂಡ ಕುಡಿಯದೆ, ಉದ್ದ ಕೋಲಿನ ಬಲೆ ಹಿಡಿದು ನೀರಿನಿಂದ ಹೆಣ ಎತ್ತುವ ಕೆಲಸ ನೀವು ಎಂದಾದರೂ ಮಾಡಿದ್ದೀರಾ? ನಾನು ಮಾಡಿದ್ದೇನೆ. ಗಾಬರಿಯಾಗಬೇಡಿ, ಮನುಷ್ಯರ ಹೆಣ ಅಲ್ಲ. ಕಪ್ಪೆ, ಅಳಿಲು, ಹಾವುರಾಣಿ, ಸುಂಡಿಲಿ. ಒಂದು ಸಲ ಮೊಲ. "ಓ, ಅಷ್ಟೇನಾ!" ಅಂದಿರಾ? ಆ "ಅಷ್ಟೇನಾ" ಎಂಬ ಮಾತಿನ ಮೇಲೇ ನನ್ನ ಜಗಳ.

ಮೊದಲು ನನ್ನ ತಪ್ಪು ಒಪ್ಪಿಕೊಂಡು ಆಮೇಲೆ ಬೇರೆಯವರನ್ನು ಬೈಯುವುದು ಒಳ್ಳೆಯದು. ನಾನು ಧಾರವಾಡ ಬಿಟ್ಟು ಪುಣೆಗೆ ಬಂದದ್ದು 1994ರಲ್ಲಿ. ಇಲ್ಲೇ ಬ್ಯಾಂಕು, ಇಲ್ಲೇ ಸಾಲದ ಫ್ಲ್ಯಾಟು, ಇಲ್ಲೇ ಬಿಳಿ ಕೂದಲು. 2021ರಲ್ಲಿ, ಲಾಕ್‌ಡೌನ್ ಮುಗಿದು ಊರಿನವರೆಲ್ಲ ಹಸಿರು ಹುಡುಕಿಕೊಂಡು ಹೊರಗೆ ಓಡುತ್ತಿದ್ದ ಕಾಲದಲ್ಲಿ, ನಾವು ನಾಲ್ಕು ಜನ ಸಹೋದ್ಯೋಗಿಗಳು ಸೇರಿ ಮುಳಶಿ ಕಡೆ ಗುಡ್ಡದ ಬುಡದಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದೆವು. ನಮಗೆ ಬೇಕಾದಾಗ ನಮಗೆ, ಮಿಕ್ಕ ದಿನ ಬಾಡಿಗೆಗೆ. ಹಿತ್ತಲಲ್ಲಿ ಈಜುಕೊಳ ಬೇಕೋ ಬೇಡವೋ ಅಂತ ಚರ್ಚೆ ಬಂದಾಗ, "ಕೊಳ ಇಲ್ಲದ ಮನೆಗೆ ಗಿರಾಕಿ ಬರೋದಿಲ್ಲ" ಅಂತ ಲೆಕ್ಕ ಹಾಕಿ ತೋರಿಸಿದವನು ನಾನೇ. ಬಿ.ಕಾಂ. ಓದಿದವನಲ್ಲವೇ! ಹಾಕಿದ ಬಂಡವಾಳ ಎಷ್ಟು ವರ್ಷಕ್ಕೆ ವಾಪಸು ಬರುತ್ತದೆ ಅನ್ನುವುದು ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಹಾಗಾಗಿ ಹಿಂದಿನ ರಾತ್ರಿಯೇ ಹೋಗಿ ಕೊಳದ ಉಸ್ತುವಾರಿ ನೋಡುವ ಕೆಲಸ ನನ್ನ ತಲೆಗೆ ಕಟ್ಟಿತು. ಮಿಕ್ಕ ದಿನ ಅಲ್ಲೇ ಇರುವ ಕಾಕಾ ನೋಡಿಕೊಳ್ಳುತ್ತಾರೆ. ನಾನು ಒಂದು ರಿಜಿಸ್ಟರ್ ಇಟ್ಟೆ. ತಾರೀಖು, ಪಿಎಚ್, ಕ್ಲೋರಿನ್, ಫಿಲ್ಟರ್ ತೊಳೆದದ್ದು, ಕೊನೆಗೆ ಷರಾ. ಮೊದಲ ಮಳೆಗಾಲದಲ್ಲೇ ಆ ಷರಾ ಕಾಲಂ ತುಂಬತೊಡಗಿತು. "ಕಪ್ಪೆ 2." "ಕಪ್ಪೆ 1, ಹಾವುರಾಣಿ 1." "ಕೇರೆ ಹಾವು ಮರಿ 1." ಕಾಕಾ ಅವನ್ನು ಎತ್ತಿ ಬೇಲಿಯಾಚೆ ಹೂಳುತ್ತಿದ್ದರು, ನಾನು ಷರಾ ಬರೆಯುತ್ತಿದ್ದೆ. 2023ರ ಮಳೆಗಾಲ ಮುಗಿದಾಗ ಕೂಡಿಸಿ ನೋಡಿದರೆ ಕಪ್ಪೆಗಳೇ 43. ಇಷ್ಟಾದರೂ ಮೂರು ಮಳೆಗಾಲ ಬಾಯಿ ಮುಚ್ಚಿಕೊಂಡಿದ್ದೆ. ಯಾಕೆ? ಬುಕಿಂಗ್ ಚೆನ್ನಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಬಾಯಿ ಬಿಡಿಸಿದ್ದು ಮೊಲ. 2024ರ ಏಪ್ರಿಲ್. ಸುತ್ತಲಿನ ಹಳ್ಳ ಒಣಗಿ ಬಿರುಕು ಬಿಟ್ಟಿತ್ತು. ಇಡೀ ಇಳಿಜಾರಿನಲ್ಲಿ ಕಣ್ಣಿಗೆ ಕಾಣುವ ನೀರು ಅಂದರೆ ನಮ್ಮ ಕೊಳ ಒಂದೇ. ರಾತ್ರಿ ನೀರು ಕುಡಿಯಲು ಬಂದಿದೆ, ಬಗ್ಗಿದೆ, ಜಾರಿದೆ. ಬೆಳಿಗ್ಗೆ ಬಲೆಯಲ್ಲಿ ಎತ್ತಿ ನೆಲದ ಮೇಲಿಟ್ಟಾಗ ಮುಂಗಾಲಿನ ಉಗುರು ನೋಡಿದೆ. ಸವೆದು ರಕ್ತ ಕಟ್ಟಿತ್ತು. ನೀಲಿ ಟೈಲ್ಸ್ ಕೆರೆದೂ ಕೆರೆದೂ. ಎಷ್ಟು ಹೊತ್ತು ಕೆರೆದಿತ್ತೋ! ನಾವು ಹತ್ತು ಮಾರು ದೂರದಲ್ಲಿ ಫ್ಯಾನ್ ಹಾಕಿಕೊಂಡು ಮಲಗಿದ್ದೆವು. ಕಾಕಾ ಪಕ್ಕದಲ್ಲಿ ನಿಂತು ಮರಾಠಿಯಲ್ಲಿ ಒಂದೇ ಮಾತು ಕೇಳಿದರು: "ಸಾಹೇಬ, ನಮ್ಮ ಹಳೇ ಬಾರವ್‌ಗೆ ಮೆಟ್ಟಿಲಿವೆ. ನಿಮ್ಮ ಟಾಕಿಗೆ ಯಾಕಿಲ್ಲ?"

ಬಾರವ್ ಅಂದರೆ ಇಲ್ಲಿಯವರ ಮೆಟ್ಟಿಲ ಬಾವಿ. ನಮ್ಮ ಗದಗಿನ ಪಕ್ಕದ ಲಕ್ಕುಂಡಿಗೆ ಹೋದವರು ಮುಸುಕಿನ ಬಾವಿ ನೋಡಿರುತ್ತೀರಿ, ಹಂಪಿಯ ಮೆಟ್ಟಿಲ ಪುಷ್ಕರಣಿಯನ್ನೂ ನೋಡಿರುತ್ತೀರಿ. ನೀರು ಎಷ್ಟೇ ಇಳಿಯಲಿ, ನೀರಿನ ಅಂಚಿಗೆ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ಊರ ಕೆರೆಗೂ ಅಷ್ಟೇ, ಒಂದು ಕಡೆ ಏರಿ, ಇನ್ನೊಂದು ಕಡೆ ದನ ಇಳಿಯುವ ಇಳಿಜಾರು. ಹಿರಿಯರು ಇದನ್ನೆಲ್ಲ ಕಪ್ಪೆಗಾಗಿ ಕಟ್ಟಿದರು ಅಂತ ಪುರಾಣ ಹೇಳುವವನು ನಾನಲ್ಲ. ಕೊಡ ಹೊತ್ತವರಿಗಾಗಿ ಕಟ್ಟಿದರು, ದನಕರುಗಳಿಗಾಗಿ ಬಿಟ್ಟರು. ಆದರೆ ಇಳಿದವರು ಹತ್ತಬೇಕಲ್ಲ ಎಂಬ ಯೋಚನೆ ಅದರಲ್ಲಿತ್ತು. ಆ ಯೋಚನೆಯ ಲಾಭ ಕಪ್ಪೆಗೂ ಸಿಕ್ಕಿತು.

ಈಗ ನಮ್ಮ ಕೊಳ ನೋಡಿ. ನಾಲ್ಕೂ ಕಡೆ ನೆಟ್ಟಗೆ ನಿಂತ ನುಣುಪು ಗೋಡೆ. ನೀರಿನ ಮಟ್ಟ ಅಂಚುಕಲ್ಲಿಗಿಂತ ಅರ್ಧ ಅಡಿ ಕೆಳಗೆ. ಆ ಅಂಚುಕಲ್ಲೋ, ಅಂದಕ್ಕಾಗಿ ಎರಡು ಇಂಚು ಒಳಗೆ ಚಾಚಿದೆ. ಒಂದು ಮೂಲೆಯಲ್ಲಿ ಸ್ಟೀಲಿನ ಏಣಿ. ಅದು ಮನುಷ್ಯರ ಕಾಲಿಗೆ, ಮೊಲದ ಕಾಲಿಗಲ್ಲ. ಇದಕ್ಕೆ ನನ್ನ ಭಾಷೆಯಲ್ಲಿ ಕೊಳ ಅನ್ನುವುದಿಲ್ಲ. ಒಳಗೆ ಹೋಗಲು ದಾರಿ ಇದ್ದು ಹೊರಗೆ ಬರಲು ದಾರಿ ಇಲ್ಲದ್ದಕ್ಕೆ ಬೋನು ಅನ್ನುತ್ತಾರೆ.

ಪರಿಹಾರ ಅಂತ ನಾನು ಮಾಡಿದ್ದು ಇಷ್ಟೇ. ಐದು ಅಡಿಯ ಒಂದು ಹಲಗೆ, ಅದರ ಮೇಲೆ ತೆಂಗಿನ ನಾರಿನ ಕಾಲೊರಸು ಮೊಳೆ ಹೊಡೆದು ಕೂರಿಸಿದ್ದು. ಒಂದು ತುದಿ ಅಂಚುಕಲ್ಲಿಗೆ ಬಿಗಿದೆ, ಇನ್ನೊಂದು ತುದಿಗೆ ಇಟ್ಟಿಗೆ ಕಟ್ಟಿ ನೀರಿಗೆ ಬಿಟ್ಟೆ. ಎದುರು ಮೂಲೆಯಲ್ಲಿ ಇನ್ನೊಂದು. ಎರಡಕ್ಕೂ ಸೇರಿ ಖರ್ಚು 640 ರೂಪಾಯಿ. ಮರುವಾರ ಪಾಲುದಾರರ ಸಭೆ! ಬ್ಯಾಂಕಿನಲ್ಲಿ ಕೋಟಿ ರೂಪಾಯಿ ಸಾಲ ಮಂಜೂರು ಮಾಡುವಾಗಲೂ ಇಷ್ಟು ಚರ್ಚೆ ಆಗಿದ್ದು ನಾನು ನೋಡಿಲ್ಲ. ಅಲ್ಲಿ ಬಂದ ವಾದಗಳನ್ನು ಒಂದೊಂದಾಗಿ ಇಡುತ್ತೇನೆ, ಯಾಕೆಂದರೆ ಇವು ನಮ್ಮವರದ್ದಷ್ಟೇ ಅಲ್ಲ.

ಒಂದನೆಯ ವಾದ: "ಕಪ್ಪೆಗೆ ಈಜು ಬರುತ್ತದೆ, ಅದು ಹೇಗೆ ಮುಳುಗುತ್ತದೆ?" ಬರುತ್ತದೆ ಮಾರಾಯರೇ. ಈಜು ಬರುವವನನ್ನೂ ದಡವಿಲ್ಲದ ನೀರಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಏನಾಗುತ್ತಾನೆ? ಬೆರಳ ತುದಿಯಲ್ಲಿ ಅಂಟುವ ಗುಂಡಿಯಿರುವ ಮರಗಪ್ಪೆ ಟೈಲ್ಸ್ ಹತ್ತಿ ಪಾರಾಗುತ್ತದೆ. ಮೈತುಂಬ ಗುಳ್ಳೆಯಿರುವ ನೆಲಗಪ್ಪೆಗೆ ಆ ಭಾಗ್ಯ ಇಲ್ಲ. ಕೊಳದ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಅದು ಬರುತ್ತದೆ, ಬೀಳುತ್ತದೆ. ಮೇಲಾಗಿ ಕಪ್ಪೆ ಚರ್ಮದಿಂದಲೂ ಉಸಿರಾಡುವ, ನೀರು ಹೀರುವ ಪ್ರಾಣಿ. ನಾವು ಸುರಿಯುವ ಕ್ಲೋರಿನ್ ಅದರ ಮೈಯೊಳಗೇ ಇಳಿಯುತ್ತದೆ.

ಎರಡನೆಯ ವಾದ: "ಹಲಗೆ ಇಟ್ಟರೆ ಹಾವು ಹತ್ತಿ ಮನೆಯೊಳಗೆ ಬರುತ್ತದೆ." ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹತ್ತಲಾಗದ ಹಾವು ಎಲ್ಲಿರುತ್ತದೆ? ಬೆಳಿಗ್ಗೆ ನಿಮ್ಮ ಮೊಮ್ಮಗ ಧುಮುಕುವ ನೀರಿನಲ್ಲಿ! ಇಲ್ಲವೇ ನೀರು ಎಳೆದುಕೊಳ್ಳುವ ಸ್ಕಿಮ್ಮರ್ ಬುಟ್ಟಿಯಲ್ಲಿ, ಕಾಕಾ ಕೈ ಹಾಕುವ ಜಾಗದಲ್ಲಿ. ಹಾವು ತನ್ನ ಪಾಡಿಗೆ ಹೊರಗೆ ಹೋಗುವುದು ಹಾವಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ಮೂರನೆಯ ವಾದ: "ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ." ಇದೇ ನೋಡಿ ನಿಜವಾದ ವಾದ, ಮಿಕ್ಕದ್ದೆಲ್ಲ ಪೀಠಿಕೆ. ನೀಲಿ ನೀರು, ಹಿಂದೆ ಹಸಿರು ಗುಡ್ಡ, ನಡುವೆ ಒಂದು ಕಾಲೊರಸು. ಗಿರಾಕಿ ಏನಂದುಕೊಂಡಾನು? ಆ ಗುಡ್ಡದ ಚಿತ್ರ ತೋರಿಸಿಯೇ ನಾವು ಬಾಡಿಗೆ ಕೀಳುತ್ತೇವೆ. "ಪ್ರಕೃತಿಯ ಮಡಿಲಲ್ಲಿ" ಅಂತ ಜಾಹೀರಾತಿನಲ್ಲಿ ಬರೆದವನೂ ನಾನೇ. ಪ್ರಕೃತಿ ಚಿತ್ರದಲ್ಲಿರಬೇಕು, ಕೊಳದ ಹತ್ತಿರ ಸುಳಿಯಬಾರದು. ಸುಳಿದರೆ ಬೆಳಗಾಗುವುದರೊಳಗೆ ಸತ್ತು, ಗಿರಾಕಿ ಏಳುವುದರೊಳಗೆ ಹೂತು ಹೋಗಿರಬೇಕು. ಇದು ನಮ್ಮ ನಿಸರ್ಗಪ್ರೇಮ!

ನಾಲ್ಕನೆಯ ವಾದ ಗಂಭೀರವಾದದ್ದು: "ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ದಿನಾ ಎಷ್ಟು ಕಪ್ಪೆ ಸಾಯುತ್ತವೆ, ಮನೆಯಲ್ಲಿ ನೀನೇ ಸೊಳ್ಳೆ ಕೊಲ್ಲುತ್ತೀಯ, ಇದೊಂದಕ್ಕೆ ಯಾಕೆ ಇಷ್ಟು ಗಲಾಟೆ?" ಉತ್ತರ ಕೊಡುತ್ತೇನೆ. ರಸ್ತೆ ಮುಚ್ಚಲು ನನ್ನಿಂದ ಆಗುವುದಿಲ್ಲ. ಸೊಳ್ಳೆ ಕೊಲ್ಲದಿದ್ದರೆ ಡೆಂಗಿ ಬರುತ್ತದೆ. ಆದರೆ ಕೊಳದಲ್ಲಿ ಸಾಯುವ ಜೀವ ಯಾರಿಗೂ ತೊಂದರೆ ಕೊಟ್ಟಿಲ್ಲ, ಅದರ ಸಾವಿನಿಂದ ಯಾರಿಗೂ ಲಾಭವಿಲ್ಲ, ತಪ್ಪಿಸಲು 640 ರೂಪಾಯಿ ಸಾಕು. ತಪ್ಪಿಸಲಾಗದ ಸಾವಿಗೆ ವಿಧಿ ಅನ್ನಿ, ಒಪ್ಪುತ್ತೇನೆ. ಇದಕ್ಕೆ ಆ ಹೆಸರು ಒಪ್ಪುವುದಿಲ್ಲ.

ಇನ್ನು, "ಇದೆಲ್ಲ ನಿನ್ನ ಹೊಸ ಹುಚ್ಚು" ಅನ್ನುವವರಿಗೆ ಒಂದು ಮಾತು. ನಮ್ಮದೇ ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳಿವೆ. ಅವು ಕಟ್ಟೆಯಿಲ್ಲದ ಹೊಲದ ಬಾವಿಗೆ ಬೀಳುವುದು ಇಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. ಅರಣ್ಯ ಇಲಾಖೆಯವರು, ಮಾಣಿಕ್‌ಡೋಹ್ ಚಿರತೆ ಕೇಂದ್ರದವರು ಬಂದು ಏನು ಮಾಡುತ್ತಾರೆ? ಹಗ್ಗ ಕಟ್ಟಿದ ಹೊರಸನ್ನೋ ಏಣಿಯನ್ನೋ ಬೋನನ್ನೋ ಇಳಿಬಿಡುತ್ತಾರೆ. ಚಿರತೆಗೂ ಬೇಕಾದದ್ದು ಕಾಲೂರಲು ಒಂದು ಆಧಾರ. ಗುಜರಾತಿನ ಗಿರ್ ಸುತ್ತ ಸಿಂಹಗಳು ಬಾವಿಗೆ ಬಿದ್ದು ಸಾಯುತ್ತಿದ್ದವು ಅಂತ ಸಾವಿರಾರು ಬಾವಿಗಳಿಗೆ ಕಟ್ಟೆ ಕಟ್ಟಿಸಿದರು. ಅಮೆರಿಕದಲ್ಲಿ ರಿಚ್ ಮೇಸನ್ ಎಂಬ ವನ್ಯಜೀವಿ ತಜ್ಞರು ಗೆಳೆಯರ ಕೊಳದಲ್ಲಿ ಕಪ್ಪೆಗಳು ಸಾಯುವುದನ್ನು ತಿಳಿದು ತೇಲುವ ಪುಟ್ಟ ಇಳಿಜಾರು ಮಾಡಿದರು. ಅದು ಫ್ರಾಗ್‌ಲಾಗ್ ಎಂಬ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಸಿಂಹ ಸತ್ತರೆ ಸುದ್ದಿ, ಕಪ್ಪೆ ಸತ್ತರೆ ಷರಾ. ಆದರೆ ಎರಡಕ್ಕೂ ಕಾರಣ ಒಂದೇ, ಮದ್ದೂ ಒಂದೇ ಜಾತಿಯದು.

ಸಭೆಯಲ್ಲಿ ಏನಾಯಿತು ಅಂತ ಕೇಳಿದಿರಾ? "ನೋಡೋಣ" ಅಂದರು. ಮೇ ತಿಂಗಳಿಡೀ ಹಲಗೆ ಇತ್ತು. 2024ರ ಜೂನ್‌ನಲ್ಲಿ ಒಂದು ದೊಡ್ಡ ಬುಕಿಂಗ್ ಬಂತು, ಯಾರದೋ ನಿಶ್ಚಿತಾರ್ಥ. ನನಗೆ ಹೇಳದೆ ಹಲಗೆ ತೆಗೆಸಿದರು. ಆ ರಾತ್ರಿಯೇ ಮೊದಲ ದೊಡ್ಡ ಮಳೆ, ಕಪ್ಪೆಗಳೆಲ್ಲ ಹೊರಬೀಳುವ ರಾತ್ರಿ. ಬೆಳಿಗ್ಗೆ ಕಾಕಾ ಫೋನ್ ಮಾಡಿದರು. ಒಂಬತ್ತು. ಅದರಲ್ಲಿ ಎರಡು ಜೋಡಿ, ಗಂಡು ಬೆನ್ನಮೇಲೆ ಕೂತಂತೆಯೇ. ಷರಾ ನಾನು ಬರೆಯಲಿಲ್ಲ, ಪಾಲುದಾರರನ್ನು ಕರೆಸಿ ಅವರ ಕೈಯಿಂದಲೇ ಬರೆಸಿದೆ. ಬರೆಯುವಾಗ ಯಾರೂ ಫೋಟೋದ ಮಾತು ಎತ್ತಲಿಲ್ಲ.

ಅವತ್ತು ಮನೆಗೆ ಬಂದು ಮುಖ ಊದಿಸಿಕೊಂಡು ಕೂತಿದ್ದೆ. ನನ್ನ ಹೆಂಡತಿ ಕೇಳಿದಳು, "ಏನ್ರೀ, ಒಂದ್ ಹಲಗಿ ಹಾಕ್ಲಿಕ್ಕೆ ಎಷ್ಟ್ ಸಭಾ ಮಾಡ್ತೀರಿ? ನಿಮ್ದೂ ಪಾಲು ಐತೆಲ್ಲ?" ಸರಿ ಅನ್ನಿಸಿತು. ಮುಂದಿನ ಸಭೆಯಲ್ಲಿ ಒಂದೇ ವಾಕ್ಯ ಹೇಳಿದೆ: ಹಲಗೆ ಇರುತ್ತದೆ, ಇಲ್ಲವೇ ನನ್ನ ಪಾಲು ವಾಪಸು ಕೊಡಿ. ನನ್ನ ಪಾಲು ಕೊಳ್ಳಲು ಸದ್ಯಕ್ಕೆ ಯಾರ ಹತ್ತಿರವೂ ದುಡ್ಡಿರಲಿಲ್ಲ. ಹಲಗೆ ಉಳಿಯಿತು! ಪಾಲುದಾರರಲ್ಲಿ ಒಬ್ಬರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಮೂವತ್ತು ವರ್ಷದ ಗೆಳೆತನ, ಬೇಸರವಿದೆ. ಆದರೆ ಮೊಲದ ಆ ಉಗುರು ಮರೆಯಲು ನನ್ನಿಂದ ಆಗುತ್ತಿಲ್ಲ.

2025ರ ಮಳೆಗಾಲದ ಷರಾ ಕಾಲಂ ಹೇಳುತ್ತೇನೆ. ಕಪ್ಪೆ 6, ಸುಂಡಿಲಿ 1. ಸೊನ್ನೆ ಆಗಿಲ್ಲ, ಸುಳ್ಳು ಹೇಳುವುದಿಲ್ಲ. ಬಾಡಿಗೆ? ಕಡಿಮೆ ಆಗಿಲ್ಲ. ಬಂದ ಮಕ್ಕಳು "ಇದೇನು?" ಅಂತ ಕೇಳುತ್ತಾರೆ, ಕಾಕಾ ಹೇಳುತ್ತಾರೆ, ಅವು ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಓಡಿಬಂದು ಯಾರು ಹತ್ತಿದ್ದಾರೆ ಅಂತ ನೋಡುತ್ತವೆ.

ನಮ್ಮ ಕನ್ನಡದವರು ಈಗ ಎಲ್ಲ ಕಡೆ ಎರಡನೇ ಮನೆ ಕಟ್ಟಿಸುತ್ತಿದ್ದೇವೆ. ಮುಂಬಯಿಯವರು ಕರ್ಜತ್, ಅಲಿಬಾಗ್ ಕಡೆ, ಚೆನ್ನೈಯವರು ಈಸ್ಟ್ ಕೋಸ್ಟ್ ರೋಡಿನಲ್ಲಿ, ಹೈದರಾಬಾದಿನವರು ಊರಾಚೆ ಫಾರ್ಮ್‌ಹೌಸು. ಕಟ್ಟಿಸಿ, ಸಂತೋಷ. ಆದರೆ ಕೊಳದ ನಕ್ಷೆ ತಂದಾಗ ಗುತ್ತಿಗೆದಾರನಿಗೆ ಒಂದು ಪ್ರಶ್ನೆ ಕೇಳಿ: ಕಾಲು ಗೇಣು ಉದ್ದದ ಜೀವ ಬಿದ್ದರೆ ಎಲ್ಲಿಂದ ಹತ್ತುತ್ತದೆ? ಉತ್ತರವಿಲ್ಲದಿದ್ದರೆ ಒಂದು ಮೂಲೆಯಲ್ಲಿ ಒರಟು ಕಲ್ಲಿನ ಇಳಿಜಾರು ಹಾಕಿಸಿ. ಕೊಳ ಆಗಲೇ ಇದ್ದರೆ ಹಲಗೆ ಹಾಕಿ. ನಡುನೀರಿನಲ್ಲಲ್ಲ, ಗೋಡೆಗೆ ಅಂಟಿಕೊಂಡಂತೆ. ಬಿದ್ದ ಪ್ರಾಣಿ ಗೋಡೆಯ ಗುಂಟವೇ ಸುತ್ತುತ್ತದೆ. ರಾತ್ರಿ ಕೊಳದ ದೀಪ ಆರಿಸಿ. ಮಲಗುವ ಮುಂಚೆ ಒಂದು ಸುತ್ತು, ಎದ್ದ ಕೂಡಲೇ ಒಂದು ಸುತ್ತು. ಕಪ್ಪೆ ಜೀವಂತ ಸಿಕ್ಕರೆ ಕ್ಲೋರಿನ್ ಇಲ್ಲದ ನೀರಿನಲ್ಲಿ ತೊಳೆದು ನೆರಳಿನ ಒದ್ದೆ ಜಾಗದಲ್ಲಿ ಬಿಡಿ. ಹಾವು ಕಂಡರೆ ಸಾಹಸ ಬೇಡ, ಸರ್ಪಮಿತ್ರರನ್ನು ಕರೆಯಿರಿ. ಬೇಸಿಗೆಯಲ್ಲಿ ಬೇಲಿಯ ಹತ್ತಿರ ತಗ್ಗಾದ ಮಣ್ಣಿನ ಪಾತ್ರೆಯಲ್ಲಿ ನೀರಿಡಿ, ಕೊಳದವರೆಗೆ ಬರುವುದೇ ತಪ್ಪುತ್ತದೆ.

ಊರಲ್ಲಿ ನಮ್ಮವ್ವ ಹೇಳುತ್ತಿದ್ದಳು, ನೀರು ಕೇಳಿಕೊಂಡು ಬಂದವರನ್ನ ಬರಿಗೈಲಿ ಕಳಿಸಬಾರದು ಅಂತ. ನಾವು ಅದಕ್ಕಿಂತ ಕೆಳಗಿಳಿದಿದ್ದೇವೆ. ನೀರು ತೋರಿಸಿ ಕರೆದು, ಕಳಿಸುವುದೇ ಇಲ್ಲ.

640 ರೂಪಾಯಿ, ಸ್ವಾಮಿ. ಇಬ್ಬರು ಒಂದು ಸಲ ಹೋಟೆಲಿನಲ್ಲಿ ಊಟ ಮಾಡಿದರೆ ಮುಗಿಯುವ ದುಡ್ಡು. ಈ ಭಾನುವಾರವೇ ಹಾಕಿ. ಏನಂತೀರಿ?