ಬಂಧುಗಳ ಮೇಳ

ಮೂವತ್ತು ವರ್ಷಗಳ ಹಿಂದೆ ನಮ್ಮಿಂದ ಒಂದು ತಪ್ಪು ಘಟಿಸಿತು. ಅದನ್ನು ವಾಚಕರ ಮುಂದೆ ಒಪ್ಪಿಕೊಳ್ಳುವದೇ ಈ ತಿಂಗಳ ಲೇಖನದ ಉದ್ದೇಶವಾಗಿದೆ.

ಬನಹಟ್ಟಿಯ ನೇಕಾರರ ಹುಡುಗನೊಬ್ಬನು ನಮ್ಮಲ್ಲಿ ಸಂಸ್ಕೃತವನ್ನು ಓದುತ್ತಿದ್ದನು. ಮದುವೆಯ ಬ್ಯಾಂಡಿನವರಿಂದ ಹಳೆಯ ಸ್ಯಾಕ್ಸೊಫೋನೊಂದನ್ನು ತಂದು ಸಂಜೆಯ ಹೊತ್ತು ಊದುತ್ತಿದ್ದನು. ಅವನ ತಂದೆಯು ನಮ್ಮ ಅಭಿಪ್ರಾಯವನ್ನು ಕೇಳಿದಾಗ, ‘ಇದು ವಿಲಾಯತಿ ವಾದ್ಯ, ಇದರಲ್ಲಿ ಗಮಕ ನುಡಿಯದು, ರಾಗ ನಿಲ್ಲದು, ಬಿಡಿಸಿರಿ’ ಎಂದುಬಿಟ್ಟೆವು. ವಾದ್ಯವು ಹಿಂತಿರುಗಿ ಹೋಯಿತು. ಹುಡುಗನು ಮಗ್ಗಕ್ಕೆ ಕುಳಿತನು.

ಕಳೆದ ಶ್ರಾವಣದಲ್ಲಿ ಅವನೇ ಜಮಖಂಡಿಯ ನಮ್ಮ ಮನೆಗೆ ಬಂದು, ಮೊಬೈಲನ್ನು ಮುಂದಿಟ್ಟು, ‘ಗುರುಗಳ, ಇದೊಂದು ಕೇಳ್ರಿ. ಇದೂ ಅದ ವಿಲಾಯತಿ ವಾದ್ಯರಿ’ ಎಂದನು. ಅದು 2008ರಲ್ಲಿ ಅಮೇರಿಕೆಯಲ್ಲಿ ಹೊರಬಂದ ‘ಕಿನ್ಸ್‌ಮೆನ್’, ಎಂದರೆ ‘ಬಂಧುಗಳು’, ಎಂಬ ಧ್ವನಿಮುದ್ರಿಕೆ. ನುಡಿಸಿದವರು ಕದ್ರಿ ಗೋಪಾಲನಾಥರು, ರುದ್ರೇಶ ಮಹಾಂತಪ್ಪನವರು ಮತ್ತು ಅವರ ‘ದಕ್ಷಿಣ’ ಮೇಳದವರು.

ಗೋಪಾಲನಾಥರು 1949ರಲ್ಲಿ ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದವರು. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸನು 1846ರಲ್ಲಿ ಸನ್ನದು ಪಡೆದ ಈ ವಾದ್ಯವನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮನಸೋತರು. ಕೀಲಿಗಳುಳ್ಳ ವಾದ್ಯದಲ್ಲಿ ಸ್ವರವು ಮೆಟ್ಟಲಿನಿಂದ ಮೆಟ್ಟಲಿಗೆ ಹಾರುವದೇ ಹೊರತು ಜಾರುವದು ಕಷ್ಟ. ಅವರು ವಾದ್ಯದಲ್ಲಿ ಕೆಲವು ಮಾರ್ಪಾಡುಗಳನ್ನು ಮಾಡಿ, ವರ್ಷಗಟ್ಟಲೆ ಉಸಿರನ್ನೂ ತುಟಿಯನ್ನೂ ಪಳಗಿಸಿ, ನಾವು ಆಗದೆಂದ ಗಮಕವನ್ನೇ ಅದರಿಂದ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಗೃಹದಲ್ಲಿ ಅವರ ಕಚೇರಿಯು ನಡೆಯಿತು.

ಮಹಾಂತಪ್ಪನವರ ಹೆಸರೇ ನಮ್ಮ ಕಡೆಯವರಿಗೆ ಮನೆಯ ಹೆಸರಿನಂತೆ ಕೇಳುವದು; ಆದರೆ ಅವರು ಬೆಳೆದದ್ದು ಅಮೇರಿಕೆಯಲ್ಲಿ, ಕಲಿತದ್ದು ಜಾಝ್. ವಿದ್ಯಾರ್ಥಿದೆಸೆಯಲ್ಲಿ ಅವರ ಅಣ್ಣನು ವಿನೋದಕ್ಕೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟನಂತೆ. ವಿನೋದವು ಅಲ್ಲಿಗೇ ಮುಗಿಯದೆ ಬಾಂಧವ್ಯವಾಗಿ ಫಲಿಸಿತು.

ಈ ಮೇಳದಲ್ಲಿ ಎರಡು ಸ್ಯಾಕ್ಸೊಫೋನುಗಳು. ಒಂದೆಡೆ ಕನ್ಯಾಕುಮಾರಿಯವರ ಪಿಟೀಲು ಮತ್ತು ಮೃದಂಗ, ಇನ್ನೊಂದೆಡೆ ಗಿಟಾರು, ಬಾಸ್, ಡ್ರಮ್ಮು. ಜಾತಿಯಲ್ಲಿ ವಾದ್ಯವೊಂದೇ, ನುಡಿ ಮಾತ್ರ ಬೇರೆ. ಒಬ್ಬರ ಉಸಿರು ರಾಗದ ಮರ್ಯಾದೆಯಲ್ಲಿ ಸುಳಿಯುವದು; ಮತ್ತೊಬ್ಬರದು ಆ ಮರ್ಯಾದೆಯನ್ನು ದಾಟಿ ಚಿಮ್ಮುವದು. ಇಬ್ಬರಿಗೂ ಸಮಾನವಾದುದು ನಾವು ಮನೋಧರ್ಮವೆಂದು ಕರೆಯುವ ಗುಣ, ಎಂದರೆ ಬರೆದಿಟ್ಟದ್ದನ್ನು ಒಪ್ಪಿಸದೆ ಆ ಕ್ಷಣಕ್ಕೆ ಹುಟ್ಟಿಸುವ ಶಕ್ತಿ. ನಮ್ಮ ಕಡೆ ಯಮನ್ ಎನಿಸುವ ಕಲ್ಯಾಣಿಯೂ ಅಲ್ಲಿದೆ. ಮೊದಲ ಸಲ ನಮಗೆ ಗದ್ದಲವೆನಿಸಿತು. ಎರಡನೆಯ ಸಲ ಕುತೂಹಲ. ಮೂರನೆಯ ಸಲ ನಾವೇ ‘ಮತ್ತೊಮ್ಮೆ ಹಚ್ಚು’ ಎಂದೆವು.

ಶಿಷ್ಯನು ನಕ್ಕು, ‘ಇಳಕಲ್ ಸೀರಿಯೊಳಗ ಒಡಲಿನ ಎಳೀಗೆ ಸೆರಗಿನ ಎಳಿ ಕೊಂಡಿ ಹಾಕಿ ಕೂಡಸ್ತೀವಲ್ರಿ, ಹಂಗ ಐತ್ರಿ’ ಎಂದನು. ಯಾವ ಅಲಂಕಾರಶಾಸ್ತ್ರಜ್ಞನೂ ಇದಕ್ಕಿಂತ ಚೆನ್ನಾಗಿ ಹೇಳಲಾರನು. ಕಲಬೆರಕೆಯಲ್ಲಿ ಎರಡೂ ಕೆಡುವವು. ಕೊಂಡಿಯಲ್ಲಿ ಎರಡೂ ತಮ್ಮ ಬಣ್ಣದಲ್ಲಿಯೇ ಉಳಿಯುವವು.

ಇಂಥ ಮೇಳಗಳಿಗೆ ಆಯುಷ್ಯ ಕಡಿಮೆ. ಆಂಗ್ಲ ಗಿಟಾರುವಾದಕ ಜಾನ್ ಮೆಕ್ಲಾಫ್ಲಿನ್ನರು ನಮ್ಮ ವಾದಕರೊಡನೆ ಕಟ್ಟಿದ ‘ಶಕ್ತಿ’ ಮೇಳವು ಮೊದಲ ಸಲ ಕೆಲವೇ ವರ್ಷ ಮಾತ್ರ ನಡೆಯಿತು. ಗೋಪಾಲನಾಥರು 2019ರ ಅಕ್ಟೋಬರದಲ್ಲಿ ತೀರಿಕೊಂಡರು; ಆ ಬಂಧುಗಳು ಇನ್ನು ಕೂಡುವಂತಿಲ್ಲ. ಬೇರೆ ಬೇರೆ ದಾರಿಯವರು ಅಡ್ಡಹಾದಿಯಲ್ಲಿ ಸಂಧಿಸಿದಾಗ ಆಡಿದ ಮಾತು ಅದು. ಮತ್ತೆ ಸಿಕ್ಕುವೆವೆಂಬ ಭರವಸೆಯಿಲ್ಲದ್ದರಿಂದಲೇ ಯಾರೂ ಮಾತನ್ನು ನಾಳೆಗೆ ಉಳಿಸಿಕೊಂಡಿಲ್ಲ. ಅದರ ಆಕರ್ಷಣೆಯ ಮರ್ಮವು ಇದೇ ಎಂದು ನಮಗೆ ತೋರುತ್ತದೆ.

ಹೊರಡುವಾಗ ಶಿಷ್ಯನು ಬಂದ ಕಾರಣವನ್ನು ಹೇಳಿದನು. ಅವನ ಮಗಳು ಈಗ ಅದೇ ವಾದ್ಯವನ್ನು ಕಲಿಯುವೆನೆಂದು ಹಟ ಹಿಡಿದಿದ್ದಾಳೆ. ‘ಏನ್ ಮಾಡ್ಲಿರಿ ಗುರುಗಳ?’ ಎಂದು ಕೇಳಿದನು. ಮೂವತ್ತು ವರ್ಷಗಳ ಹಿಂದಿನ ನಮ್ಮ ಮಾತಿಗೆ ಅವನು ಒಂದು ಶಬ್ದದಿಂದಲೂ ಆಕ್ಷೇಪಿಸಲಿಲ್ಲ; ಅದೇ ನಮಗೆ ಹೆಚ್ಚು ನಾಟಿತು.

‘ಮೊದಲು ಶ್ರುತಿ, ಆಮೇಲೆ ವಾದ್ಯ. ಒಳ್ಳೆಯ ಗುರುವನ್ನು ನೋಡು, ಬಿಡಿಸಬೇಡ’ ಎಂದೆವು. ವಾಚಕರ ಮನೆಯಲ್ಲಿಯೂ ಮಗುವೊಂದು ಅಪರಿಚಿತ ವಾದ್ಯವನ್ನು ಹಿಡಿದು ಕುಳಿತಿದ್ದರೆ, ತೀರ್ಪು ಕೊಡುವ ಮೊದಲು ಮೂರು ಸಲ ಕೇಳಬೇಕೆಂದು ನಮ್ಮ ವಿಜ್ಞಾಪನೆ.